ಕೌನ್ಸಿಲ್ ಮನೆಯ ಸರದಿ ಮತ್ತು ಆಶ್ರಯ ಕೋರಿ ಬಂದವರು: ಇಂಗ್ಲೆಂಡಿನಲ್ಲಿ ಮನೆ ನಿಜಕ್ಕೂ ಯಾರಿಗೆ ಸಿಗುತ್ತಿದೆ?

ತುಂಗಾತೀರ, ವೆಸ್ಟ್ ಯಾರ್ಕ್‌ಶೈರ್

ಎಲ್ಲರಿಗೂ ನಮಸ್ಕಾರ. ನಮ್ಮ ಊರಿನ ಕನ್ನಡಿಗರ ವಾಟ್ಸ್‌ಆ್ಯಪ್ ಗುಂಪಿಗೆ ಒಂದು ಸಂದೇಶ ಆಗಾಗ ತಪ್ಪದೆ ಬಂದು ಬೀಳುತ್ತದೆ. ದೋಣಿಯಲ್ಲಿ ಬಂದಿಳಿದವರ ಕೈಗೆ ಸರ್ಕಾರ ಕೌನ್ಸಿಲ್ ಮನೆಯ, ಅಂದರೆ ಸ್ಥಳೀಯ ಆಡಳಿತ ಕಡಿಮೆ ಬಾಡಿಗೆಗೆ ಕೊಡುವ ಮನೆಯ, ಬೀಗದ ಕೈ ಕೊಡುತ್ತಿದೆ, ಇಲ್ಲೇ ಹುಟ್ಟಿ ಬೆಳೆದವರು ವರ್ಷಗಟ್ಟಲೆ ಸರದಿಯಲ್ಲಿ ಕೊಳೆಯುತ್ತಿದ್ದಾರೆ ಎಂಬುದು ಅದರ ಸಾರ. ನಾನು ಒಂದು ಕೌನ್ಸಿಲ್‌ನ ಮನೆ ಹಂಚಿಕೆ ವಿಭಾಗದಲ್ಲಿ ಕೆಲಸ ಮಾಡುತ್ತೇನೆ. ಸರದಿಯಲ್ಲಿ ನಿಂತವರ ಸಂಕಟ ದಿನವೂ ನನ್ನ ಮೇಜಿನ ಎದುರಿಗೆ ಬಂದು ಕೂರುತ್ತದೆ. ಆ ಸಂಕಟಕ್ಕೆ ಯಾರಾದರೂ ಸುಳ್ಳು ಕಾರಣ ಹಚ್ಚಿದರೆ ನನಗೆ ಸಿಟ್ಟು ಬರುವುದು ಅದಕ್ಕಾಗಿಯೇ. ಗುಂಪಿನಲ್ಲಿ ಬರೆದರೆ ಜಗಳವಾಗುತ್ತದೆ, ಇಲ್ಲಿ ಸಾವಧಾನವಾಗಿ ಮಾತನಾಡಬಹುದು ಎಂದು ಬರೆಯುತ್ತಿದ್ದೇನೆ.

ಮೊದಲು ಕಾನೂನು. ಇಂಗ್ಲೆಂಡಿನಲ್ಲಿ ಸಾಮಾಜಿಕ ವಸತಿಯ, ಅಂದರೆ ಕೌನ್ಸಿಲ್ ಮತ್ತು ವಸತಿ ಸಂಘಗಳ ಮನೆಗಳ, ಹಂಚಿಕೆ ನಡೆಯುವುದು 1996ರ ವಸತಿ ಕಾಯ್ದೆಯ ಪ್ರಕಾರ. ಆಶ್ರಯದ ಅರ್ಜಿ ಇನ್ನೂ ತೀರ್ಮಾನವಾಗದ ವ್ಯಕ್ತಿ ಆ ಕಾಯ್ದೆಯಡಿ ಕೌನ್ಸಿಲ್ ಮನೆಗೆ ಅರ್ಹನೇ ಅಲ್ಲ. ಅವನ ಹೆಸರು ನಮ್ಮ ಪಟ್ಟಿಗೆ ಬರುವುದೇ ಇಲ್ಲ. ಅವನಿಗೆ ಸೂರು ಕೊಡುವ ಹೊಣೆ 1999ರ ವಲಸೆ ಮತ್ತು ಆಶ್ರಯ ಕಾಯ್ದೆಯ ಪ್ರಕಾರ ಗೃಹ ಇಲಾಖೆಯದು. ಇಲಾಖೆ ಆ ಕೆಲಸವನ್ನು 2019ರಿಂದ ಹತ್ತು ವರ್ಷಕ್ಕೆ ಮೂರು ಕಂಪನಿಗಳಿಗೆ ಗುತ್ತಿಗೆ ಕೊಟ್ಟಿದೆ: ಸರ್ಕೋ, ಮಿಯರ್ಸ್, ಕ್ಲಿಯರ್‌ಸ್ಪ್ರಿಂಗ್ಸ್. ಕಂಪನಿಗಳು ಖಾಸಗಿ ಮಾಲೀಕರಿಂದ ಮನೆ ಹಿಡಿಯುತ್ತವೆ, ಸಾಲದಿದ್ದರೆ ಹೋಟೆಲ್ ಹಿಡಿಯುತ್ತವೆ. ಯಾವ ಊರು, ಯಾವ ಮನೆ ಎಂದು ಆರಿಸುವ ಹಕ್ಕು ಆಶ್ರಯ ಕೋರಿದವರಿಗಿಲ್ಲ. ಅಡುಗೆಮನೆ ಇರುವ ವಸತಿಯಾದರೆ ಒಬ್ಬರಿಗೆ ವಾರಕ್ಕೆ 49 ಪೌಂಡ್ ಚಿಲ್ಲರೆ, ಊಟ ಕೊಡುವ ಹೋಟೆಲ್ ಆದರೆ ಹತ್ತು ಪೌಂಡಿನ ಆಸುಪಾಸು. ಅರ್ಜಿ ಒಂದು ವರ್ಷ ಕೊಳೆಯುವವರೆಗೆ ದುಡಿಯಲು ಅನುಮತಿ ಕೇಳುವಂತಿಲ್ಲ. ಆಮೇಲೂ ಸರ್ಕಾರದ ಪಟ್ಟಿಯಲ್ಲಿರುವ ಕೆಲವೇ ಕೆಲಸಗಳನ್ನು ಮಾಡಬಹುದು.

ಇನ್ನು ನಮ್ಮ ಪಟ್ಟಿ ಹೇಗೆ ನಡೆಯುತ್ತದೆ ಎಂಬುದು. ಖಾಲಿಯಾದ ಮನೆಗಳನ್ನು ವಾರಕ್ಕೊಮ್ಮೆ ಜಾಲತಾಣದಲ್ಲಿ ಪ್ರಕಟಿಸುತ್ತೇವೆ. ನೋಂದಾಯಿಸಿದವರು ತಮಗೆ ಬೇಕಾದ ಮನೆಗೆ ‘ಬಿಡ್’, ಅಂದರೆ ಕೋರಿಕೆ, ಹಾಕುತ್ತಾರೆ. ಎರಡು ಮಲಗುವ ಕೋಣೆ, ಹಿಂದೆ ಪುಟ್ಟ ಹಿತ್ತಿಲು, ಶಾಲೆಗೆ ನಡೆದು ಹೋಗುವಷ್ಟು ದೂರ ಎಂದರೆ ಗಡುವು ಮುಗಿಯುವ ಹೊತ್ತಿಗೆ ಬಿಡ್‌ಗಳು ನೂರು ದಾಟಿರುತ್ತವೆ. ಕಂಪ್ಯೂಟರ್ ಅವನ್ನು ಮೊದಲು ಬ್ಯಾಂಡ್ (ಅಗತ್ಯದ ತೀವ್ರತೆಯ ದರ್ಜೆ) ಪ್ರಕಾರ, ಬ್ಯಾಂಡಿನೊಳಗೆ ನೋಂದಣಿಯ ದಿನಾಂಕದ ಪ್ರಕಾರ ಜೋಡಿಸುತ್ತದೆ. ಮನೆ ಕಳೆದುಕೊಂಡವರು, ಕಾಯಿಲೆಯಿಂದ ಮಹಡಿ ಹತ್ತಲಾಗದವರು, ಒಂದೇ ಕೋಣೆಯಲ್ಲಿ ಇಡೀ ಸಂಸಾರ ಕಟ್ಟಿಕೊಂಡವರು ಮೇಲಿನ ಬ್ಯಾಂಡ್‌ಗಳಲ್ಲಿ ಇರುತ್ತಾರೆ. ಮೇಲಿನಿಂದ ಒಂದೊಂದೇ ಕಡತ ತೆರೆದು ನೋಡುತ್ತೇವೆ: ಮಕ್ಕಳ ಜನನ ಪ್ರಮಾಣಪತ್ರ, ವೈದ್ಯರ ಪತ್ರ, ವಲಸೆಯ ಸ್ಥಿತಿ, ಹಳೆಯ ಬಾಡಿಗೆ ಬಾಕಿ, ಈ ಊರಿನಲ್ಲಿ ಎಷ್ಟು ವರ್ಷದಿಂದ ಇದ್ದಾರೆ ಎಂಬ ದಾಖಲೆ. ಮನೆ ಕೊಟ್ಟ ಮೇಲೆ ಎಷ್ಟು ಬಿಡ್ ಬಂದಿತ್ತು, ಯಾವ ಬ್ಯಾಂಡಿಗೆ, ಯಾವ ದಿನಾಂಕದ ಅರ್ಜಿಗೆ ಹೋಯಿತು ಎಂಬುದನ್ನೂ ಹೆಸರು ಬಿಟ್ಟು ಪ್ರಕಟಿಸುತ್ತೇವೆ. ಅನುಮಾನ ಇರುವವರು ನಿಮ್ಮ ನಿಮ್ಮ ಕೌನ್ಸಿಲ್‌ನ ಪುಟದಲ್ಲಿ ಇಂಥ ಫಲಿತಾಂಶ ಇದೆಯೇ ಎಂದು ಹುಡುಕಿ ಓದಿ. ಬಹಳ ಕೌನ್ಸಿಲ್‌ಗಳು ಹಾಕುತ್ತವೆ.

2024ರ ಮಾರ್ಚ್ ಅಂತ್ಯಕ್ಕೆ ಇಂಗ್ಲೆಂಡಿನ ಪಟ್ಟಿಗಳಲ್ಲಿ 13.3 ಲಕ್ಷ ಕುಟುಂಬಗಳಿದ್ದವು. ಒಂದು ವರ್ಷದಲ್ಲಿ ಹೊಸದಾಗಿ ಹಂಚಿಕೆಯಾಗುವ ಸಾಮಾಜಿಕ ಮನೆಗಳು ಸುಮಾರು ಎರಡೂವರೆ ಲಕ್ಷ. ಅವುಗಳಲ್ಲಿ ಹತ್ತಕ್ಕೆ ಸುಮಾರು ಒಂಬತ್ತು ಬ್ರಿಟಿಷ್ ಪ್ರಜೆಗಳ ಹೆಸರಿಗೇ ಹೋಗುತ್ತವೆ. ಹಾಗಾದರೆ ಸರದಿ ಇಷ್ಟು ಉದ್ದವಾಗಿದ್ದು ಏಕೆ? 1980ರ ಕಾಯ್ದೆ ಕೌನ್ಸಿಲ್ ಬಾಡಿಗೆದಾರರಿಗೆ ತಮ್ಮ ಮನೆಯನ್ನು ರಿಯಾಯಿತಿಯಲ್ಲಿ ಕೊಳ್ಳುವ ಹಕ್ಕು ಕೊಟ್ಟಿತು. ಸುಮಾರು 20 ಲಕ್ಷ ಮನೆ ಹಾಗೆ ಮಾರಾಟವಾದವು. ಕೊಂಡ ಸಂಸಾರಗಳಿಗೆ ಒಳ್ಳೆಯದೇ ಆಯಿತು, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಮಾರಿದಷ್ಟು ಬದಲಿ ಮನೆ ಕಟ್ಟಲಿಲ್ಲ. 1980ರ ದಶಕದ ಆರಂಭದಲ್ಲಿ ಇಂಗ್ಲೆಂಡಿನ ನೂರು ಕುಟುಂಬಗಳಲ್ಲಿ ಮೂವತ್ತಕ್ಕೂ ಹೆಚ್ಚು ಸಾಮಾಜಿಕ ಮನೆಗಳಲ್ಲಿದ್ದವು, ಈಗ ಹದಿನೇಳು. ಇಷ್ಟು ಮನೆ ಕೈಬಿಟ್ಟು ಹೋದ ನಾಡಿನಲ್ಲಿ, ಒಬ್ಬನೇ ಒಬ್ಬ ಆಶ್ರಯ ಕೋರಿ ಬರದಿದ್ದರೂ ಸರದಿ ಇರುತ್ತಿತ್ತು.

---

ಹಳೇಬೀಡು, ಎಸೆಕ್ಸ್

ಮೇಡಂ, ಕಾನೂನು ವಿವರಿಸಿದ್ದಕ್ಕೆ ಧನ್ಯವಾದ. ಆದರೆ ಬೀದಿಯಲ್ಲಿ ನಿಂತು ನೋಡುವವರಿಗೆ ಕಾಯ್ದೆಯ ಕಲಮು ಕಾಣುವುದಿಲ್ಲ. 2025ರ ಬೇಸಿಗೆಯಲ್ಲಿ ಆಶ್ರಯ ಕೋರಿದವರು ಇದ್ದ ಎಪ್ಪಿಂಗ್‌ನ ಬೆಲ್ ಹೋಟೆಲ್ ಎದುರು ಪ್ರತಿಭಟನೆ ನಡೆದದ್ದು ನಮ್ಮ ಮನೆಯಿಂದ ಕಾರಿನಲ್ಲಿ ಸ್ವಲ್ಪವೇ ದೂರ. ಆಗಸ್ಟ್ 19ರಂದು ಹೈಕೋರ್ಟ್ ಅಲ್ಲಿಂದ ಜನರನ್ನು ತೆರವು ಮಾಡಿಸಿ ಎಂದಿತು, 29ರಂದು ಮೇಲ್ಮನವಿ ನ್ಯಾಯಾಲಯ ಆ ಆದೇಶವನ್ನು ರದ್ದು ಮಾಡಿತು. ಹತ್ತು ದಿನ ಊರು ಉಸಿರು ಬಿಗಿಹಿಡಿದಿತ್ತು. ನನ್ನ ಮಗಳು ಆ ವಾರ ಟ್ಯೂಬ್ ರೈಲಿನಲ್ಲಿ ಒಬ್ಬಳೇ ಬರಲು ಹೆದರಿದಳು. ಹೆದರಿದ್ದು ಹೋಟೆಲಿನವರಿಗಲ್ಲ, ಪ್ರತಿಭಟನೆಗೆ ಬಂದವರು ಕಂದು ಬಣ್ಣದವರನ್ನೆಲ್ಲ ಒಂದೇ ಕಣ್ಣಿನಲ್ಲಿ ನೋಡುತ್ತಾರೆ ಎಂದು.

ಹಾಗಿದ್ದೂ ನನ್ನೊಳಗೊಂದು ಅಸಮಾಧಾನ ಇದೆ, ಬಚ್ಚಿಡುವುದಿಲ್ಲ. ನಾನು ಕೆಲಸದ ವೀಸಾದಲ್ಲಿ ಬಂದವನು. ವೀಸಾದ ಮೇಲೆಯೇ ಸಾರ್ವಜನಿಕ ನೆರವು ಪಡೆಯುವಂತಿಲ್ಲ ಎಂಬ ಷರತ್ತು. ಆರೋಗ್ಯ ಶುಲ್ಕ ಎಂದು ವಯಸ್ಕರೊಬ್ಬರಿಗೆ ವರ್ಷಕ್ಕೆ 1,035 ಪೌಂಡ್ ಮುಂಗಡ, ಅದರ ಮೇಲೆ ತೆರಿಗೆ. ಕೆಲಸ ಹೋದರೆ ನನ್ನ ಸಂಸಾರಕ್ಕೆ ಕೌನ್ಸಿಲ್ ಬಾಗಿಲು ತೆರೆಯುವುದಿಲ್ಲ. ಹೋಟೆಲ್ ಕೋಣೆಗಳಿಗೆ ರಾತ್ರಿಗೆ 145 ಪೌಂಡಿನ ಲೆಕ್ಕದಲ್ಲಿ ಸರ್ಕಾರ ಸುರಿಯುತ್ತಿದೆ ಎಂದು ಓದಿದಾಗ ಹೊಟ್ಟೆ ಉರಿಯುತ್ತದೆ. ಇದು ದ್ವೇಷವಲ್ಲ. ಇದಕ್ಕೆ ನಿಮ್ಮ ಉತ್ತರವೇನು?

---

ಒಂಟಿಸಾಲು, ಗ್ಲಾಸ್ಗೊ

ಹಳೇಬೀಡು ಸರ್ ಅವರ ಪ್ರಶ್ನೆ ನ್ಯಾಯವಾದದ್ದು. ಅದನ್ನು ಕೇಳಿದ ಕೂಡಲೇ ಜನಾಂಗದ್ವೇಷಿ ಎಂಬ ಪಟ್ಟ ಕಟ್ಟುವವರಿಂದಲೇ ಅರ್ಧ ಕೆಲಸ ಕೆಟ್ಟಿದೆ.

---

ತುಂಗಾತೀರ

ಹಳೇಬೀಡು ಅವರೇ, ನಿಮ್ಮ ಸಿಟ್ಟು ಸರಿಯಾದ ಕಡೆ ತಿರುಗಬೇಕು ಎಂಬುದಷ್ಟೇ ನನ್ನ ಆಸೆ. ಆ 145 ಪೌಂಡ್ ಆಶ್ರಯ ಕೋರಿದವನ ಜೇಬಿಗೆ ಹೋಗುವುದಿಲ್ಲ. ಅದೇ ವ್ಯಕ್ತಿಯನ್ನು ಸಾಮಾನ್ಯ ಬಾಡಿಗೆ ಮನೆಯಲ್ಲಿಟ್ಟರೆ ರಾತ್ರಿಗೆ 25 ಪೌಂಡಿಗಿಂತ ಕಡಿಮೆ ತಗಲುತ್ತದೆ. ಹತ್ತು ವರ್ಷದ ಗುತ್ತಿಗೆಗೆ 450 ಕೋಟಿ ಪೌಂಡ್ ಸಾಕು ಎಂದು ಮೊದಲು ಅಂದಾಜಿಸಿದ್ದರು. 2025ರ ಮೇ ತಿಂಗಳಲ್ಲಿ ರಾಷ್ಟ್ರೀಯ ಲೆಕ್ಕಪರಿಶೋಧನಾ ಕಚೇರಿ ಅದು 1,530 ಕೋಟಿ ಆಗಲಿದೆ ಎಂದಿತು. ವಸತಿಯಲ್ಲಿದ್ದವರಲ್ಲಿ ನೂರಕ್ಕೆ 35 ಮಂದಿ ಹೋಟೆಲ್‌ಗಳಲ್ಲಿದ್ದರೆ, ಗುತ್ತಿಗೆಯ ಖರ್ಚಿನಲ್ಲಿ ನೂರಕ್ಕೆ 76 ಪಾಲನ್ನು ಆ ಹೋಟೆಲ್‌ಗಳೇ ನುಂಗಿದ್ದವು.

ಹೋಟೆಲ್ ಎಲ್ಲಿಂದ ಬಂತು? ಕೋವಿಡ್ ಕಾಲದಲ್ಲಿ ಜನರನ್ನು ವಸತಿಯಿಂದ ಹೊರಹಾಕುವುದು ನಿಂತಿತು, ಹೊಸಬರು ಬರುತ್ತಲೇ ಇದ್ದರು. ಆಮೇಲೆ ಕೋವಿಡ್ ಹೋಯಿತು, ಆದರೆ ಅರ್ಜಿಗಳ ತೀರ್ಮಾನ ಚುರುಕಾಗಲಿಲ್ಲ. 2023ರ ಜೂನ್‌ನಲ್ಲಿ ಮೊದಲ ತೀರ್ಮಾನಕ್ಕಾಗಿ ಕಾಯುತ್ತಿದ್ದವರು 1,75,000ಕ್ಕೂ ಹೆಚ್ಚು. ಆ ವರ್ಷದ ಸೆಪ್ಟೆಂಬರ್‌ನಲ್ಲಿ ಹೋಟೆಲ್‌ಗಳಲ್ಲಿದ್ದವರು 56,000. ಕಡತ ಕದಲದಿದ್ದರೆ ಕೋಣೆ ಖಾಲಿಯಾಗುವುದಿಲ್ಲ. ಬೇಗ ತೀರ್ಮಾನಿಸಿದ್ದರೆ ಅರ್ಹರು ದುಡಿಯಲು ಹೋಗುತ್ತಿದ್ದರು, ಅರ್ಹರಲ್ಲದವರು ಹಿಂದಿರುಗುತ್ತಿದ್ದರು, ಇಬ್ಬರಿಗೂ ಹೋಟೆಲಿನ ಬಿಲ್ ಬೇಕಿರಲಿಲ್ಲ. 2025ರ ಜೂನ್ ಹೊತ್ತಿಗೆ ಹೋಟೆಲ್‌ಗಳಲ್ಲಿದ್ದವರು 32,000ಕ್ಕೆ ಇಳಿದಿದ್ದರು ಎಂಬುದನ್ನೂ ಹೇಳಬೇಕು.

ಇನ್ನೊಂದು ವಿಷಯ ಬಹಳ ಜನರಿಗೆ ಗೊತ್ತಿಲ್ಲ. ಆಶ್ರಯ ಕೋರಿದವರ ಮೊದಲ ವರ್ಷದ ವಸತಿ ಖರ್ಚನ್ನು ಬ್ರಿಟನ್ ತನ್ನ ವಿದೇಶಿ ನೆರವಿನ ಲೆಕ್ಕಕ್ಕೆ ಬರೆಯುತ್ತದೆ. 2023ರಲ್ಲಿ ಹಾಗೆ ಬರೆದದ್ದು 430 ಕೋಟಿ ಪೌಂಡ್, ಆ ವರ್ಷದ ನೆರವಿನ ಕಾಲುಭಾಗಕ್ಕಿಂತ ಹೆಚ್ಚು. ಬಡ ದೇಶಗಳ ಆಸ್ಪತ್ರೆ, ಶಾಲೆಗಳಿಗೆ ಎಂದು ಎತ್ತಿಟ್ಟ ಹಣ ಇಲ್ಲಿನ ಹೋಟೆಲ್ ಮಾಲೀಕರಿಗೆ ಸಂದಾಯವಾಯಿತು. ನನ್ನ ಹೊಟ್ಟೆ ಉರಿಯುವುದು ಇದಕ್ಕೆ.

---

ಮಂಗಳೂರು ಮಲ್ಲಿಗೆ, ಲಂಡನ್

ಇಷ್ಟು ಹೊತ್ತು ಓದುತ್ತಿದ್ದೆ. ಸರದಿಯಲ್ಲಿ ನಿಂತವಳಾಗಿ ನಾನೂ ಹೇಳುತ್ತೇನೆ.

ನಾನು ಇಲ್ಲಿನ ಪ್ರಜೆ. ಗಂಡನಿಂದ ಬೇರೆಯಾದ ಮೇಲೆ ಬಾಡಿಗೆ ಮನೆಯಲ್ಲಿ ಇಬ್ಬರು ಮಕ್ಕಳೊಂದಿಗೆ ಇದ್ದೆ. ಮಾಲೀಕರು ಮನೆ ಮಾರುತ್ತೇವೆ ಎಂದರು. ಆ ಬಾಡಿಗೆಗೆ ಇನ್ನೊಂದು ಮನೆ ನಮ್ಮ ಬರೋದಲ್ಲಿ (ಲಂಡನ್ನಿನ ನಮ್ಮ ಕೌನ್ಸಿಲ್ ವ್ಯಾಪ್ತಿಯಲ್ಲಿ) ಸಿಗಲಿಲ್ಲ, ಸಿಕ್ಕಿದಲ್ಲಿ ಸರ್ಕಾರಿ ನೆರವು ಪಡೆಯುವವರು ಬೇಡ ಎಂದರು. ಈಗ ಕೌನ್ಸಿಲ್ ನಮ್ಮನ್ನು ಒಂದು ಹೋಟೆಲಿನಲ್ಲಿ ಇಟ್ಟಿದೆ. ಒಂದು ಡಬಲ್ ಬೆಡ್, ಒಂದು ಮಡಚುವ ಹಾಸಿಗೆ. ಅಡುಗೆ ಮಾಡುವಂತಿಲ್ಲ, ಕೋಣೆಯಲ್ಲಿ ಕೆಟಲ್ ಮಾತ್ರ. ಮಕ್ಕಳಿಗೆ ಗಂಜಿ ಎಂದರೆ ಬಿಸಿನೀರಿಗೆ ಓಟ್ಸ್. ಹೊಟೇಲಿನ ಕಿಟಕಿಯ ಹಲಗೆಯೇ ದೊಡ್ಡವಳ ಓದುವ ಮೇಜು. ಅವಳು ನಿಂತುಕೊಂಡೇ ಲೆಕ್ಕ ಮಾಡುತ್ತಾಳೆ. ಒದ್ದೆ ಬಟ್ಟೆಯನ್ನು ಸ್ನಾನದ ಕೋಣೆಯ ಪರದೆಯ ಸರಳಿಗೆ ಹಾಕುತ್ತೇನೆ, ಮೂರು ದಿನವಾದರೂ ಆರುವುದಿಲ್ಲ.

ಸಹಾನುಭೂತಿಯ ಮಾತು ಬೇಡ. ನನಗೆ ಬೇಕಾದದ್ದು ಒಂದು ಉತ್ತರ. ರಸ್ತೆಯ ಆಚೆ ಬದಿಯ ಹೋಟೆಲಿನಲ್ಲಿ ಆಶ್ರಯ ಕೋರಿದವರಿದ್ದಾರೆ. ಅವರಿಗೆ ಒಪ್ಪಿಗೆ ಸಿಕ್ಕಿದ ಮೇಲೆ ನನಗಿಂತ ಮುಂದೆ ಹೋಗುತ್ತಾರೆಯೇ, ಇಲ್ಲವೇ? ತುಂಗಾತೀರ ಅಕ್ಕ, ಹೌದು ಅಥವಾ ಇಲ್ಲ ಎಂದು ಹೇಳಿ.

---

ತುಂಗಾತೀರ

ಮಲ್ಲಿಗೆ ಅವರೇ, ಇಲ್ಲ. ಒಪ್ಪಿಗೆ ಸಿಕ್ಕ ಕುಟುಂಬವೊಂದು ಇವತ್ತು ಮನೆಯಿಲ್ಲದವರೆಂದು ನೋಂದಾಯಿಸಿದರೆ, ಅವರ ಅಗತ್ಯ ನಿಮ್ಮಷ್ಟೇ ಇದ್ದರೆ, ಅವರ ದಿನಾಂಕ ನಿಮ್ಮ ದಿನಾಂಕದ ಹಿಂದೆ ನಿಲ್ಲುತ್ತದೆ. ನಿರಾಶ್ರಿತ ಎಂಬ ಕಾರಣಕ್ಕೆ ಯಾರಿಗೂ ಮೇಲಿನ ಬ್ಯಾಂಡ್ ಕೊಡುವುದಿಲ್ಲ. ಅವರಲ್ಲಿ ಯಾರಾದರೂ ಗಾಲಿಕುರ್ಚಿಯಲ್ಲಿದ್ದರೆ ಮುಂದೆ ಹೋಗಬಹುದು, ನಿಮ್ಮ ಮನೆಯಲ್ಲಿ ಇದ್ದರೆ ನೀವೂ ಹೋಗುವಿರಿ.

ಆದರೆ ನೀವು ಕೇಳಿದ ಪ್ರಶ್ನೆಯ ಪಕ್ಕದಲ್ಲೇ ಇನ್ನೊಂದು ಪ್ರಶ್ನೆ ಇದೆ, ಅದರ ಉತ್ತರ ಅಷ್ಟು ಸಲೀಸಲ್ಲ. ಸಾಮಾಜಿಕ ಮನೆಯ ವಿಷಯದಲ್ಲಿ ನಿಮ್ಮ ಸಾಲೂ, ಅರ್ಜಿ ಇನ್ನೂ ತೀರ್ಮಾನವಾಗದ ಆಶ್ರಯ ಕೋರಿದವರ ಸಾಲೂ ಬೇರೆ ಬೇರೆ. ಹೋಟೆಲ್ ಕೋಣೆಯಲ್ಲಿ, ಅಗ್ಗದ ಬಾಡಿಗೆ ಮನೆಯಲ್ಲಿ ಅವೆರಡೂ ಡಿಕ್ಕಿ ಹೊಡೆಯುತ್ತವೆ. ನಿಮ್ಮ ಕೌನ್ಸಿಲ್‌ಗೆ ನಿಮ್ಮನ್ನು ಇಡಲು ಕೋಣೆ ಬೇಕು. ಗೃಹ ಇಲಾಖೆಯ ಗುತ್ತಿಗೆದಾರನಿಗೂ ಅದೇ ಬೀದಿಯಲ್ಲಿ ಕೋಣೆ ಬೇಕು. ಇಬ್ಬರೂ ಸರ್ಕಾರದ ದುಡ್ಡು ಹಿಡಿದುಕೊಂಡೇ ಒಬ್ಬರ ಮೇಲೊಬ್ಬರು ಬೆಲೆ ಏರಿಸುತ್ತಾರೆ. 2025ರ ಮಾರ್ಚ್ ಅಂತ್ಯಕ್ಕೆ ಇಂಗ್ಲೆಂಡಿನಲ್ಲಿ ತಾತ್ಕಾಲಿಕ ವಸತಿಯಲ್ಲಿದ್ದ ಕುಟುಂಬಗಳು 1,31,140. ಅವುಗಳಲ್ಲಿ ಮಕ್ಕಳೇ 1,69,050. ಇದಕ್ಕಾಗಿ ಕೌನ್ಸಿಲ್‌ಗಳು 2024–25ರಲ್ಲಿ ಸುಮಾರು 280 ಕೋಟಿ ಪೌಂಡ್ ಖರ್ಚು ಮಾಡಿದವು. ಈ ಪೈಪೋಟಿ ನಿಜ. ಅದನ್ನು ಮುಚ್ಚಿಟ್ಟು “ಎಲ್ಲ ಸುಳ್ಳು ಸುದ್ದಿ” ಎನ್ನುವವರ ಜೊತೆ ನಾನು ನಿಲ್ಲುವುದಿಲ್ಲ.

ಎರಡನೇ ಡಿಕ್ಕಿ ಒಪ್ಪಿಗೆ ಸಿಕ್ಕ ದಿನ. ನಿರಾಶ್ರಿತನೆಂದು ಒಪ್ಪಿಕೊಂಡ ಪತ್ರ ಬಂದ ಮೇಲೆ ಗೃಹ ಇಲಾಖೆಯ ವಸತಿ ಬಿಡಲು ಕೊಡುತ್ತಿದ್ದುದು 28 ದಿನ. ಸರ್ಕಾರಿ ನೆರವಿನ ಮೊದಲ ಕಂತು ಕೈಗೆ ಬರಲು ಐದು ವಾರ ಬೇಕು. ನಾಲ್ಕು ವಾರಕ್ಕೆ ಮನೆ ಹೋಗುತ್ತದೆ, ಐದನೇ ವಾರಕ್ಕೆ ಹಣ ಬರುತ್ತದೆ! ಇಂಥ ಲೆಕ್ಕವನ್ನು ಯಾವ ಮನೆಯ ಯಜಮಾನಿಯೂ ಮಾಡುವುದಿಲ್ಲ. 2024ರ ಡಿಸೆಂಬರ್‌ನಿಂದ ಪ್ರಯೋಗಕ್ಕೆಂದು ಈ ಗಡುವನ್ನು 56 ದಿನ ಮಾಡಿದಾಗ ನಮ್ಮ ಕಚೇರಿಯಲ್ಲಿ ಎಲ್ಲರೂ ಉಸಿರಾಡಿದೆವು. ಮುಂದಿನ ವರ್ಷ ಒಂಟಿ ವಯಸ್ಕರಿಗೆ ಮತ್ತೆ 28ಕ್ಕೆ ಇಳಿಸಿದರು. ಆ ಒಂಟಿ ಯುವಕರಿಗೆ ಕೌನ್ಸಿಲ್‌ನ ಆದ್ಯತೆಯೂ ಸಿಗುವುದಿಲ್ಲ. ಚೀಲ ಹಿಡಿದು ನಮ್ಮ ಸ್ವಾಗತ ಮೇಜಿನ ಮುಂದೆ ನಿಲ್ಲುತ್ತಾರೆ, ಹಾಸ್ಟೆಲ್‌ಗಳ ಪಟ್ಟಿ ಕೊಟ್ಟು ಕಳುಹಿಸುತ್ತೇವೆ. ರಾತ್ರಿ ಬಸ್ ನಿಲ್ದಾಣದಲ್ಲಿ ಮಲಗುವವರು ಅವರೇ. ಮಕ್ಕಳಿರುವ ಕುಟುಂಬವಾದರೆ ನಿಮ್ಮ ಪಕ್ಕದ ಕೋಣೆಗೆ ಬರುತ್ತದೆ. ಖರ್ಚು ಗೃಹ ಇಲಾಖೆಯ ಪುಸ್ತಕದಿಂದ ಅಳಿಸಿ ಕೌನ್ಸಿಲ್‌ನ ಪುಸ್ತಕಕ್ಕೆ ಬಿತ್ತು, ಅಷ್ಟೇ.

ನಿಮ್ಮ ಹೋಟೆಲಿನ ವಿಷಯಕ್ಕೆ ಕೊನೆಯಲ್ಲಿ ಬರುತ್ತೇನೆ. ಈಗ ಒಂದು ಹೇಳಿ: ಅಲ್ಲಿಗೆ ಬಂದು ಆರು ವಾರ ದಾಟಿದೆಯೇ?

---

ಹೇಮಾವತಿ, ಸ್ಟೋಕ್-ಆನ್-ಟ್ರೆಂಟ್

ಮಾಲೀಕನ ಕಡೆಯಿಂದಲೂ ಒಂದು ಮಾತು. ಇಲ್ಲಿ ನನಗೆ ಒಂದು ಪುಟ್ಟ ಸಾಲುಮನೆ ಇದೆ, ಉಳಿತಾಯದಲ್ಲಿ ಕೊಂಡದ್ದು. ನಮ್ಮ ಊರಿನಲ್ಲಿ ಮನೆ ಅಗ್ಗ. ಆದ್ದರಿಂದಲೇ ಆಶ್ರಯ ವಸತಿಯ ಗುತ್ತಿಗೆದಾರರು ಸ್ಟೋಕ್, ರಾಚ್‌ಡೇಲ್, ಮಿಡಲ್ಸ್‌ಬರೊ, ಹಲ್‌ನಂಥ ಊರುಗಳಿಗೆ ಮುಗಿಬೀಳುವುದು. ಅವರು ಮುಂದಿಡುವ ಕರಾರು ಹೀಗಿದೆ: ಐದು ವರ್ಷ ಅಥವಾ ಮೇಲ್ಪಟ್ಟ ಗುತ್ತಿಗೆ, ಮನೆ ಖಾಲಿ ಇದ್ದರೂ ಬಾಡಿಗೆ ತಿಂಗಳು ತಪ್ಪುವುದಿಲ್ಲ, ರಿಪೇರಿ ಅವರದೇ. ಇತ್ತ ಸರ್ಕಾರಿ ನೆರವಿನಲ್ಲಿರುವ ಸ್ಥಳೀಯ ಸಂಸಾರಕ್ಕೆ ಕೊಟ್ಟರೆ, ಬಾಡಿಗೆ ನೆರವಿನ ಮಿತಿಯನ್ನು 2020ರಿಂದ ನಾಲ್ಕು ವರ್ಷ ಹಾಗೇ ಹಿಡಿದಿಟ್ಟು, 2024ರಲ್ಲಿ ಒಮ್ಮೆ ಏರಿಸಿ ಮತ್ತೆ ಹಿಡಿದಿಟ್ಟಿದ್ದಾರೆ. ಮಾರುಕಟ್ಟೆಯ ಬಾಡಿಗೆಗೂ ಅದಕ್ಕೂ ತಾಳೆಯಾಗುವುದಿಲ್ಲ, ವ್ಯತ್ಯಾಸವನ್ನು ಆ ಸಂಸಾರ ಊಟದ ದುಡ್ಡಿನಲ್ಲಿ ತುಂಬಬೇಕು.

ನನ್ನ ಮನೆಯಲ್ಲಿರುವುದು ಇಲ್ಲಿನದೇ ಒಂದು ಕುಟುಂಬ, ತಾಯಿ ವೃದ್ಧಾಶ್ರಮದಲ್ಲಿ ಆರೈಕೆಯ ಕೆಲಸ ಮಾಡುತ್ತಾಳೆ. ಅವರನ್ನು ಬಿಡಿಸಿ ಕಂಪನಿಗೆ ಕೊಡುವ ಮನಸ್ಸು ನನಗಿಲ್ಲ, ಕೊಡುವುದೂ ಇಲ್ಲ. ಆದರೆ ನಮ್ಮ ಬೀದಿಯಲ್ಲಿ ಹಾಗೆ ಮಾಡಿದವರಿದ್ದಾರೆ. ಮಾಡಿದ್ದು ಕಾನೂನುಬದ್ಧವೇ. ಮನೆ ಬಿಟ್ಟು ಹೋಗಬೇಕಾದ ಸಂಸಾರಕ್ಕೆ ಕಂಡದ್ದು ತಮ್ಮ ಮನೆಗೆ ಬಂದ ಹೊಸಬರ ಮುಖ ಮಾತ್ರ. ಬಾಡಿಗೆಯ ಲೆಕ್ಕ ಮಾಡಿದ ಮಾಲೀಕ ಬೇರೆ ಊರಿನಲ್ಲಿರುತ್ತಾನೆ.

---

ಹಳೇಬೀಡು, ಎಸೆಕ್ಸ್

ಹೇಮಾವತಿ ಸರ್, ನೀವು ಬರೆದದ್ದನ್ನು ಓದಿದ ಮೇಲೆ ನನಗೆ ಒಂದು ವಿಷಯ ಹೊಳೆಯುತ್ತಿದೆ. ಶ್ರೀಮಂತ ಊರುಗಳಲ್ಲಿ ಮನೆ ದುಬಾರಿ ಎಂದು ಕಂಪನಿಗಳು ಮನೆ ಹಿಡಿಯುವುದಿಲ್ಲ, ಹೋಟೆಲ್ ಹಿಡಿಯುತ್ತವೆ. ಬಡ ಊರುಗಳಲ್ಲಿ ಬೀದಿಗಟ್ಟಲೆ ಮನೆ ಹಿಡಿಯುತ್ತವೆ. ಎರಡೂ ಕಡೆ ಊರಿನವರನ್ನು ಕೇಳುವವರಿಲ್ಲ. 2022ರಲ್ಲಿ ಎಲ್ಲ ಕೌನ್ಸಿಲ್‌ಗಳೂ ಪಾಲು ಹೊರಬೇಕು ಎಂಬ ನೀತಿ ಬಂತಲ್ಲ, ಅದು ಏನಾಯಿತು?

---

ತುಂಗಾತೀರ

ನೀತಿ ಕಾಗದದ ಮೇಲಿದೆ, ಅಗ್ಗದ ಮನೆ ಇನ್ನೂ ಅದೇ ಊರುಗಳಲ್ಲಿದೆ. ಗುತ್ತಿಗೆದಾರನಿಗೆ ತಲೆಗಿಷ್ಟು ಎಂದು ಕೊಟ್ಟರೆ ಅವನು ಕಡಿಮೆ ಬಾಡಿಗೆಯ ಕಡೆಗೇ ಹೋಗುತ್ತಾನೆ. ಜೊತೆಗೆ ಇನ್ನೊಂದು ಗಂಟು: ಇಂಗ್ಲೆಂಡಿನಲ್ಲಿ ಆಶ್ರಯ ಕೋರಿದವರನ್ನು ಯಾವ ಊರಿನ ಮನೆಯಲ್ಲಿ ಇಟ್ಟಿದ್ದರೋ, ಒಪ್ಪಿಗೆಯಾದ ಮೇಲೆ ಆ ಊರಿನ ಜೊತೆಗೇ ಅವರಿಗೆ ಸ್ಥಳೀಯ ಸಂಬಂಧ ಇದೆ ಎಂದು ವಸತಿ ಕಾನೂನು ಲೆಕ್ಕ ಹಿಡಿಯುತ್ತದೆ. ಅಂದರೆ ಬಾಡಿಗೆ ಅಗ್ಗ ಎಂದು ಕಂಪನಿ ಆರಿಸಿದ ಊರೇ ಮುಂದೆ ಮನೆಯಿಲ್ಲದವರ ಹೊಣೆಯನ್ನೂ ಹೊರುತ್ತದೆ.

ಒಂದೇ ಕಡೆ ಗುಡ್ಡೆ ಹಾಕಿದರೆ ಅಲ್ಲಿರುವವರಿಗೂ ಅಪಾಯ. 2016ರಲ್ಲಿ ಮಿಡಲ್ಸ್‌ಬರೊದಲ್ಲಿ ಆಶ್ರಯ ಕೋರಿದವರ ಮನೆಗಳ ಬಾಗಿಲುಗಳಿಗೆ ಬಹುಪಾಲು ಕೆಂಪು ಬಣ್ಣ ಬಳಿದಿದ್ದು ಸುದ್ದಿಯಾಯಿತು. ಬೀದಿಯಲ್ಲಿ ನಡೆಯುವವರಿಗೆ ಯಾವ ಮನೆಗೆ ಮೊಟ್ಟೆ, ಕಲ್ಲು ಎಸೆಯಬೇಕು ಎಂದು ಬಾಗಿಲೇ ಹೇಳುತ್ತಿತ್ತು. 2024ರ ಆಗಸ್ಟ್‌ನಲ್ಲಿ ರಾದರಮ್ ಬಳಿಯ ಮ್ಯಾನ್‌ವರ್ಸ್‌ನಲ್ಲಿ ಒಳಗೆ ಜನರಿದ್ದಂತೆಯೇ ಹೋಟೆಲಿಗೆ ಬೆಂಕಿ ಹಚ್ಚಲು ಹೋದರು. ಅದು ನನ್ನ ಮನೆಯಿಂದ ದೂರವಿಲ್ಲ. ಆ ವಾರ ನಮ್ಮ ಕನ್ನಡ ಸಂಘದವರು ಕೂಡ ಸೇರುವುದನ್ನು ಮುಂದೂಡಿದೆವು.

---

ಒಂಟಿಸಾಲು, ಗ್ಲಾಸ್ಗೊ

ನಮ್ಮಲ್ಲಿ ಕಥೆ ಸ್ವಲ್ಪ ಬೇರೆ. 2000ದಿಂದ ಗ್ಲಾಸ್ಗೊ ಆಶ್ರಯ ಕೋರಿದವರನ್ನು ಕರೆದುಕೊಂಡ ರೀತಿ ನೋಡಿ: ಆಗ ಸೈಟ್‌ಹಿಲ್, ರೆಡ್ ರೋಡ್‌ನ ಎತ್ತರದ ಕಟ್ಟಡಗಳಲ್ಲಿ ಯಾರೂ ಬೇಡವೆಂದ ಫ್ಲ್ಯಾಟ್‌ಗಳು ಖಾಲಿ ಬಿದ್ದಿದ್ದವು. ಅಲ್ಲಿ ಇಟ್ಟರು. ಮೊದಲ ವರ್ಷಗಳು ಕಷ್ಟದವು, 2001ರಲ್ಲಿ ಸೈಟ್‌ಹಿಲ್‌ನಲ್ಲಿ ಕುರ್ದ್ ಯುವಕನೊಬ್ಬನ ಕೊಲೆಯೂ ಆಯಿತು. ಆದರೆ ನೆರೆಹೊರೆಯವರು ನಿಧಾನಕ್ಕೆ ಒಂದಾದರು. 2005ರಲ್ಲಿ ಡ್ರಮ್‌ಚಾಪೆಲ್ ಶಾಲೆಯ ಹುಡುಗಿಯರು ತಮ್ಮ ಗೆಳತಿಯನ್ನು ವಲಸೆ ಅಧಿಕಾರಿಗಳು ಬೆಳಗಿನ ಜಾವ ಎತ್ತಿಕೊಂಡು ಹೋದುದರ ವಿರುದ್ಧ ಹೋರಾಟಕ್ಕೇ ನಿಂತರು.

ಈಗ ಆ ಖಾಲಿ ಫ್ಲ್ಯಾಟ್‌ಗಳು ಇಲ್ಲ. ರೆಡ್ ರೋಡ್ ಕಟ್ಟಡಗಳನ್ನು 2015ರ ಹೊತ್ತಿಗೆ ಕೆಡವಿದರು. ಸ್ಕಾಟ್ಲೆಂಡಿನಲ್ಲಿ 2012ರ ಕೊನೆಯಿಂದ ಮನೆಯಿಲ್ಲದವರಲ್ಲಿ ಆದ್ಯತೆ ಇರುವವರು, ಇಲ್ಲದವರು ಎಂಬ ಭೇದವಿಲ್ಲ. ಒಂಟಿ ಯುವಕನಿಗೂ ಕೌನ್ಸಿಲ್ ಸೂರು ಕೊಡಬೇಕು. ಒಳ್ಳೆಯ ಕಾನೂನು, ಅದನ್ನು ನಾನು ಮನಸಾರೆ ಮೆಚ್ಚುತ್ತೇನೆ. ಆದರೆ ಲಂಡನ್ನಿನ ಕೇಂದ್ರ ಸರ್ಕಾರ 2023ರಲ್ಲಿ ಬಾಕಿ ಅರ್ಜಿಗಳನ್ನು ಒಮ್ಮೆಲೇ ತೀರ್ಮಾನಿಸಿದಾಗ ಆ ಭಾರ ಗ್ಲಾಸ್ಗೊ ಮೇಲೆ ಬಿತ್ತು, ಹಣ ಬರಲಿಲ್ಲ. ಆ ವರ್ಷದ ನವೆಂಬರ್‌ನಲ್ಲಿ ನಗರ ವಸತಿ ತುರ್ತುಪರಿಸ್ಥಿತಿ ಘೋಷಿಸಿತು.

---

ಕೃಷ್ಣೆಯ ಮಗಳು, ಡಬ್ಲಿನ್

ಐರ್ಲೆಂಡಿನಲ್ಲಿ ಇದಕ್ಕಿಂತ ಕೆಟ್ಟದ್ದನ್ನು ಕಂಡೆವು. 2023ರ ಡಿಸೆಂಬರ್‌ನಿಂದ ಒಂಟಿ ಗಂಡಸರಿಗೆಲ್ಲ ವಸತಿ ಕೊಡಲಾಗದು ಎಂದು ಸರ್ಕಾರ ಕೈಚೆಲ್ಲಿತು. ಮೌಂಟ್ ಸ್ಟ್ರೀಟ್‌ನಲ್ಲಿ, ಆಶ್ರಯದ ಅರ್ಜಿ ಕೊಡುವ ಕಚೇರಿಯ ಸುತ್ತಲೇ ಡೇರೆಗಳು ಎದ್ದವು. ರಾತ್ರಿ ಪಾಳಿ ಮುಗಿಸಿ ಆಸ್ಪತ್ರೆಯಿಂದ ಬರುವಾಗ ಆ ಡೇರೆಗಳ ಮೇಲೆ ಮಳೆ ಸುರಿಯುತ್ತಿದ್ದುದನ್ನು ನೋಡಿದ್ದೇನೆ. 2024ರ ಮೇ 1ರಂದು ತೆರವು ಮಾಡಿದರು, ಕೆಲವೇ ದಿನಗಳಲ್ಲಿ ಗ್ರ್ಯಾಂಡ್ ಕಾಲುವೆಯ ದಂಡೆಯ ಮೇಲೆ ಮತ್ತೆ ಡೇರೆ. ನಮ್ಮ ನರ್ಸುಗಳಿಗೂ ಇಲ್ಲಿ ಬಾಡಿಗೆ ಮನೆ ಸಿಗುವುದಿಲ್ಲ, ಒಂದು ಕೋಣೆಗೆ ಇಬ್ಬರು ಮೂವರು ಸೇರಿ ಇರುತ್ತೇವೆ. ಆದರೆ ಇಲ್ಲಿ ಅರ್ಜಿ ಹಾಕಿ ಆರು ತಿಂಗಳಾದ ಮೇಲೆ ದುಡಿಯಬಹುದು, ಅದೊಂದು ದೊಡ್ಡ ವ್ಯತ್ಯಾಸ. ನಮ್ಮ ವಾರ್ಡಿನಲ್ಲಿ ಆರೈಕೆ ಸಹಾಯಕರಾಗಿ ಅಂಥವರಿದ್ದಾರೆ, ಅವರಿಲ್ಲದಿದ್ದರೆ ಪಾಳಿ ನಡೆಯುವುದಿಲ್ಲ.

---

ಕುಶಾಲನಗರ

ಊರಿನಿಂದ ಒಬ್ಬನ ಮಾತು, ಒಪ್ಪುವುದಾದರೆ. ನಮ್ಮ ಪಕ್ಕದ ಬೈಲಕುಪ್ಪೆಗೆ 1960ರ ದಶಕದ ಆರಂಭದಲ್ಲಿ ಟಿಬೆಟ್ಟಿನವರು ಬಂದಾಗ ಆಗಿನ ಮೈಸೂರು ರಾಜ್ಯ ಸುಮಾರು ಮೂರು ಸಾವಿರ ಎಕರೆ ಕಾಡು ಜಮೀನು ಕೊಟ್ಟಿತು. ಕಾಡು ಕಡಿದು, ಆನೆ ಕಾಟ ಸಹಿಸಿ, ಜೋಳ ಬಿತ್ತಿ ಅವರೇ ಊರು ಕಟ್ಟಿದರು. ಅಕ್ಕಪಕ್ಕದ ಹಳ್ಳಿಯವರು ಅವರ ಹೊಲದಲ್ಲಿ ಕೂಲಿ ಮಾಡಿದರು, ಅವರ ಸಹಕಾರ ಸಂಘದ ಜೊತೆ ವ್ಯಾಪಾರ ಮಾಡಿದರು. ಹೊಟ್ಟೆಕಿಚ್ಚು ಇರಲಿಲ್ಲ ಎಂದಲ್ಲ, ಇತ್ತು. ಆದರೆ ಬಂದವರಿಗೆ ಮೊದಲ ದಿನದಿಂದಲೇ ದುಡಿಮೆ ಇತ್ತು, ಕೋಣೆಯಲ್ಲಿ ಸುಮ್ಮನೆ ಕೂರಿಸಿರಲಿಲ್ಲ. ಇಂಗ್ಲೆಂಡಿನವರು ಒಂದು ವರ್ಷ ದುಡಿಯಬೇಡ ಎಂದು ಹೇಳಿ, ಆಮೇಲೆ ಕೂತು ತಿನ್ನುತ್ತಾರೆ ಎಂದು ಬೈಯುವುದು ನನಗೆ ಅರ್ಥವಾಗುವುದಿಲ್ಲ.

---

ಹಳೇಬೀಡು, ಎಸೆಕ್ಸ್

ದುಡಿಮೆಯ ಮಾತನ್ನು ಪೂರ್ತಿ ಒಪ್ಪುತ್ತೇನೆ. ಆದರೆ ಬೈಲಕುಪ್ಪೆಯನ್ನು ಇಲ್ಲಿಗೆ ತಂದು ಹೋಲಿಸುವುದು ಕಷ್ಟ. ಅದು ಒಂದೇ ಸಮುದಾಯ, ಗುರುತಿದ್ದ ಜನ, ಸರ್ಕಾರವೇ ಕರೆದು ಕೊಟ್ಟ ಜಾಗ. ಇಲ್ಲಿ 2024ರಲ್ಲಿ ಲಕ್ಷಕ್ಕೂ ಮೀರಿ ಜನ ಆಶ್ರಯ ಕೋರಿದರು, ಹತ್ತಾರು ದೇಶದವರು. ಬಂದವರೆಲ್ಲ ಅರ್ಹರಲ್ಲ. ಅರ್ಹರಲ್ಲದವರನ್ನು ಕಳುಹಿಸದೆ ಇದ್ದರೆ ಯಾವ ವ್ಯವಸ್ಥೆಗೂ ಜನರ ನಂಬಿಕೆ ಉಳಿಯುವುದಿಲ್ಲ. ಆ ಭಾಗವನ್ನು ನಮ್ಮಲ್ಲಿ ಕೆಲವರು ಬಾಯಿಬಿಟ್ಟು ಹೇಳಲು ಹಿಂಜರಿಯುತ್ತಾರೆ.

---

ತುಂಗಾತೀರ

ಹಿಂಜರಿಕೆ ನನಗಿಲ್ಲ, ನಾನೂ ಹೇಳುತ್ತೇನೆ. ಆದರೆ ಹಾಗೆ ಕಳುಹಿಸುವುದಕ್ಕೂ ಬೇಗ ತೀರ್ಮಾನ ಬೇಕು. 2025ರ ನವೆಂಬರ್‌ನಲ್ಲಿ ಗೃಹ ಸಚಿವೆ ಶಬಾನಾ ಮಹಮೂದ್ ಘೋಷಿಸಿದ ಯೋಜನೆಯಲ್ಲಿ ಒಪ್ಪಿಗೆ ಸಿಕ್ಕವರ ಸ್ಥಿತಿಯನ್ನು ಎರಡೂವರೆ ವರ್ಷಕ್ಕೊಮ್ಮೆ ಮತ್ತೆ ಪರಿಶೀಲಿಸುವುದು, ಕಾಯಂ ನೆಲೆಗೆ ಇಪ್ಪತ್ತು ವರ್ಷ ಕಾಯಿಸುವುದು ಎಂದಿದೆ. ವಸತಿಯ ದೃಷ್ಟಿಯಿಂದ ನನಗೆ ಭಯವಾಗುವುದು ಇದೇ. ಎರಡೂವರೆ ವರ್ಷದ ಕಾಗದ ಹಿಡಿದವನಿಗೆ ಯಾವ ಮಾಲೀಕ ನೆಮ್ಮದಿಯಿಂದ ಮನೆ ಕೊಡುತ್ತಾನೆ? ಅವನು ಮತ್ತೆ ತಾತ್ಕಾಲಿಕ ವಸತಿಗೇ ಬರುತ್ತಾನೆ, ಮಲ್ಲಿಗೆ ಅವರಿಗೆ ಬೇಕಾದ ಕೋಣೆಗೇ.

ಆಗಬೇಕಾದದ್ದು ನನ್ನ ಮಟ್ಟಿಗೆ ಸ್ಪಷ್ಟ. ಹೋಟೆಲಿಗೆ ಸುರಿಯುವ ಹಣದಲ್ಲಿ ಒಂದು ಪಾಲನ್ನು ಕೌನ್ಸಿಲ್‌ಗಳಿಗೆ ಕೊಟ್ಟು, ಖಾಲಿ ಬಿದ್ದ ಮನೆಗಳನ್ನು ಕೊಂಡು ದುರಸ್ತಿ ಮಾಡಿಸಬೇಕು. ಆಶ್ರಯ ವಸತಿಗೂ ಮನೆಯಿಲ್ಲದವರ ವಸತಿಗೂ ಬಾಡಿಗೆ ಚೌಕಾಸಿ ಮಾಡುವವರು ಒಬ್ಬರೇ ಆಗಿರಬೇಕು, ಆಗ ಈ ಪೈಪೋಟಿ ನಿಲ್ಲುತ್ತದೆ. 2029ಕ್ಕೆ ಈಗಿನ ಗುತ್ತಿಗೆ ಮುಗಿಯುತ್ತದೆ, ಕೊಂಡ ಮನೆ ಆಮೇಲೂ ಊರಿನದೇ ಆಗಿ ಉಳಿಯುತ್ತದೆ. ಮುಂದಿನ ಹತ್ತು ವರ್ಷಕ್ಕೆ ಸಾಮಾಜಿಕ ಮತ್ತು ಕೈಗೆಟುಕುವ ಮನೆಗಳಿಗೆ 3,900 ಕೋಟಿ ಪೌಂಡ್ ಇಟ್ಟಿದ್ದೇವೆ ಎಂದು ಸರ್ಕಾರ ಹೇಳಿದೆ. ಅದರಲ್ಲಿ ನಿಜವಾದ ಸಾಮಾಜಿಕ ಬಾಡಿಗೆಯ ಮನೆ ಎಷ್ಟು ಏಳುತ್ತವೆ ಎಂದು ನಿಮ್ಮ ಕೌನ್ಸಿಲರ್‌ಗಳನ್ನು ಕೇಳಿ. ವಾಟ್ಸ್‌ಆ್ಯಪ್ ಸಂದೇಶ ಮುಂದಕ್ಕೆ ತಳ್ಳುವಷ್ಟೇ ಹೊತ್ತು ಸಾಕು ಒಂದು ಇಮೇಲ್ ಬರೆಯಲು.

---

ಮಂಗಳೂರು ಮಲ್ಲಿಗೆ, ಲಂಡನ್

ಅಕ್ಕ, ನೀವು ಕೇಳಿದ್ದಕ್ಕೆ: ಆರು ವಾರ ದಾಟಿ ಬಹಳ ದಿನವಾಯಿತು. ನಮಗೆ ವಸತಿ ಕೊಡುವ ಪೂರ್ಣ ಹೊಣೆ ಒಪ್ಪಿಕೊಂಡಿದ್ದೇವೆ ಎಂಬ ಕೌನ್ಸಿಲ್‌ನ ಪತ್ರ ಹೋದ ವಾರ ಬಂತು. ಅದೇ ಪತ್ರದಲ್ಲಿ ಈ ಹೋಟೆಲಿನಲ್ಲೇ ಇರಿ, ಇದೇ ನಿಮಗೆ ತಕ್ಕ ವಸತಿ ಎಂದಿದ್ದಾರೆ. ಮೊನ್ನೆ ರಸ್ತೆಯಾಚೆಯ ಹೋಟೆಲಿನ ಒಬ್ಬ ಹೆಂಗಸು ಲಾಂಡ್ರಿ ಅಂಗಡಿಯಲ್ಲಿ ಸಿಕ್ಕಿದ್ದರು, ಎರಿಟ್ರಿಯಾದವರು. ಒಣಗಿಸುವ ಯಂತ್ರಕ್ಕೆ ಹಾಕಲು ನನ್ನ ಬಳಿ ಚಿಲ್ಲರೆ ಇರಲಿಲ್ಲ, ಅವರ ಬಟ್ಟೆಯ ಜೊತೆಗೇ ನನ್ನದನ್ನೂ ಹಾಕಿಕೊಂಡರು. ಅವರ ಮಗನೂ ನನ್ನ ಚಿಕ್ಕವನ ತರಗತಿಯಂತೆ. ಅವರ ಮೇಲೆ ನನಗೆ ಸಿಟ್ಟಿಲ್ಲ. ಈ ಪತ್ರ ಬರೆದವರ ಮೇಲಿದೆ.

---

ತುಂಗಾತೀರ

ಹಾಗಾದರೆ ತಡಮಾಡಬೇಡಿ. ಮಕ್ಕಳಿರುವ ಕುಟುಂಬವನ್ನು ಅಡುಗೆ, ಸ್ನಾನಗೃಹ ಹಂಚಿಕೊಳ್ಳುವ ಖಾಸಗಿ ಹೋಟೆಲ್ ವಸತಿಯಲ್ಲಿ ಆರು ವಾರಕ್ಕಿಂತ ಹೆಚ್ಚು ಇಡುವಂತಿಲ್ಲ ಎಂದು 2003ರ ಆದೇಶವೇ ಹೇಳುತ್ತದೆ. ಪೂರ್ಣ ಹೊಣೆ ಒಪ್ಪಿಕೊಂಡಿರುವುದರಿಂದ ಈ ವಸತಿ ತಕ್ಕುದಲ್ಲ ಎಂದು ಮರುಪರಿಶೀಲನೆ ಕೇಳುವ ಹಕ್ಕು ನಿಮಗಿದೆ. ಪತ್ರ ಕೈಗೆ ಬಂದ ದಿನದಿಂದ 21 ದಿನದೊಳಗೆ ಬರಹದಲ್ಲಿ ಕೇಳಬೇಕು. ಹೋಟೆಲ್ ಬಿಟ್ಟು ಹೊರಬರಬೇಡಿ. ಅಲ್ಲೇ ಇದ್ದುಕೊಂಡು ಕೇಳಿ. ಬಿಟ್ಟು ಬಂದರೆ ಬೇಕೆಂದೇ ಮನೆ ಕಳೆದುಕೊಂಡಿರಿ ಎನ್ನುವ ಸಾಧ್ಯತೆ ಇದೆ. ಒದ್ದೆ ಬಟ್ಟೆ, ಕಿಟಕಿಯ ಹಲಗೆ, ಮಡಚುವ ಹಾಸಿಗೆ ಎಲ್ಲದರ ಚಿತ್ರ ತೆಗೆಯಿರಿ, ದಿನಾಂಕ ಕಾಣುವಂತೆ. ಮಗಳ ಶಾಲೆಯಿಂದ ಎರಡು ಸಾಲಿನ ಪತ್ರ ತೆಗೆದುಕೊಳ್ಳಿ. ಶೆಲ್ಟರ್ ಸಂಸ್ಥೆಯ ಸಹಾಯವಾಣಿಗೆ ಅಥವಾ ನಿಮ್ಮ ಬರೋದ ಕಾನೂನು ಕೇಂದ್ರಕ್ಕೆ ಕರೆ ಮಾಡಿ. ಮನೆಯಿಲ್ಲದವರ ಪ್ರಕರಣಕ್ಕೆ, ಆದಾಯ ಕಡಿಮೆ ಇದ್ದರೆ, ಉಚಿತ ಕಾನೂನು ನೆರವು ಸಿಗುತ್ತದೆ.

ಪತ್ರದ ಮೇಲಿನ ದಿನಾಂಕ ಎಷ್ಟು?

---

ಮಂಗಳೂರು ಮಲ್ಲಿಗೆ, ಲಂಡನ್

ಹೋದ ಮಂಗಳವಾರದ್ದು ಅಕ್ಕ. ಇವತ್ತು ರಾತ್ರಿ ಮಕ್ಕಳು ಮಲಗಿದ ಮೇಲೆ ಬರೆಯುತ್ತೇನೆ. ಕಳುಹಿಸುವ ಮೊದಲು ಒಮ್ಮೆ ಓದಿಕೊಡುತ್ತೀರಾ?

---

ತುಂಗಾತೀರ

ಖಂಡಿತ. ಖಾಸಗಿ ಸಂದೇಶದಲ್ಲಿ ಕಳುಹಿಸಿ, ಎಷ್ಟು ಹೊತ್ತಾದರೂ ಓದುತ್ತೇನೆ. ಹೆಸರು, ವಿಳಾಸ ಇಲ್ಲಿ ಹಾಕಬೇಡಿ.